ಕೆಂಡದವಳ ಹೆಸರಿನ ಮುಂದೆ

ನಮ್ಮ ಊರಿಗೆ ಹೆಸರಿಲ್ಲ. ಇದ್ದಿದ್ದರೂ ಕರೆಯುವವರು ಬೇಕಲ್ಲ, ಹೊರಗಿನಿಂದ ಇಲ್ಲಿಗೆ ಯಾರೂ ಬರುವುದಿಲ್ಲ. ಊರಿಗೊಂದು ಪುಸ್ತಕ ಮಾತ್ರ ಇದೆ. ಏನಾದರೂ ನಡೆದ ದಿನ ಆ ಪುಸ್ತಕದಲ್ಲಿ ಒಂದು ಪುಟ ಏರುತ್ತದೆ. ಪುಟ ಬರೆಯಲು ಒಬ್ಬನಿದ್ದಾನೆ, ಅವನನ್ನು ಬರೆಯುವವನು ಎನ್ನುತ್ತಾರೆ. ಯಾರು ಯಾವ ಪುಟದಲ್ಲಿದ್ದಾರೆ ಎಂದು ಹೆಸರು ಜೋಡಿಸಿ, ಹೆಸರಿನ ಮುಂದೆ ಪುಟದ ಅಂಕಿ ಹಾಕಲು ಇನ್ನೊಬ್ಬನಿದ್ದಾನೆ. ಆ ಪಟ್ಟಿಗೆ ಸೂಚಿ ಎಂದು ಹೆಸರು. ಸೂಚಿಯವನು ನಾನು.

ಊರಿನ ಕಟ್ಟಳೆ ಇದು. ಸತ್ತವರನ್ನು ಎತ್ತುವ ಮುಂಚೆ ಅವರ ಪುಟ ಓದಬೇಕು. ನಾನು ಸೂಚಿ ನೋಡಿ ಅಂಕಿ ಕೂಗುತ್ತೇನೆ, ಬರೆಯುವವನು ಪುಟ ತೆರೆದು ಓದುತ್ತಾನೆ, ಊರು ನಿಂತು ಕೇಳುತ್ತದೆ. ಒಂದೇ ಪುಟವಾದರೂ ಸಾಕು. ಆದರೆ ಅದು ಅವರದೇ ಪುಟವಾಗಿರಬೇಕು, ಮತ್ತು ಬೇವಿನ ಮರದ ನೆರಳು ಬಾವಿಕಟ್ಟೆ ಮುಟ್ಟುವುದರೊಳಗೆ ಓದಿರಬೇಕು. ಒಂದು ಪುಟವನ್ನೂ ಓದಿಸಿಕೊಳ್ಳದೆ ಮಣ್ಣಿಗೆ ಹೋದವರು ಈ ಊರಿನಲ್ಲಿ ಇದ್ದೇ ಇರಲಿಲ್ಲ. ಅವರ ಮಕ್ಕಳು ಯಾರ ಮಕ್ಕಳೂ ಅಲ್ಲ. ಯಾರ ಮಕ್ಕಳೂ ಅಲ್ಲದವರು ಮರುದಿನ ಗಡಿಕಲ್ಲು ದಾಟಿ ಹೋಗಬೇಕು. ಹಾಗೆ ಹೋದವರು ಎಲ್ಲಿಗೆ ಹೋದರು ಎಂದು ಯಾವ ಪುಟದಲ್ಲೂ ಇಲ್ಲ.

ಸೂಚಿಯವನು ಪುಸ್ತಕದಲ್ಲಿ ಬರುವುದಿಲ್ಲ. ಬಡಿಸುವವನಿಗೆ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲವಲ್ಲ, ಹಾಗೆ. ನಾನು ಸತ್ತರೆ ಏನು ಓದುತ್ತಾರೆ ಎಂದು ಯಾರನ್ನೂ ಕೇಳಿಲ್ಲ. ಹೆಂಡತಿ ಮಕ್ಕಳಿಲ್ಲದವನು, ಕೇಳಿ ಆಗಬೇಕಾದ್ದೇನು ಎಂದುಕೊಂಡಿದ್ದೆ. ಸುಳ್ಳು. ಆ ಯೋಚನೆ ಬಂದಾಗಲೆಲ್ಲ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ, ಎದ್ದು ಅಂಗಳದಲ್ಲಿ ತಿರುಗುತ್ತೇನೆ.

ನಮ್ಮಲ್ಲಿ ಬೆಂಕಿ ಮಾಡಲು ಯಾರಿಗೂ ಬರುವುದಿಲ್ಲ. ಊರಿಗೆಲ್ಲ ಬೆಂಕಿ ಒಂದೇ ಮನೆಯಿಂದ. ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ಒಡೆದ ಮಡಕೆಯ ಬೋಕಿ ಹಿಡಿದು ಕೆಂಡದವಳ ಬಾಗಿಲಿಗೆ ಹೋಗುತ್ತಾರೆ. ಅವಳು ಬೂದಿ ಕೆದಕಿ ಒಂದು ಕೆಂಡ ತೆಗೆಯುತ್ತಾಳೆ, ಒಮ್ಮೆ ಊದುತ್ತಾಳೆ, ಬೋಕಿಗೆ ಹಾಕಿ "ಆರದಿರಲಿ" ಎನ್ನುತ್ತಾಳೆ. ತೆಗೆದುಕೊಂಡವರು "ನಿಮ್ಮದೂ ಆರದಿರಲಿ" ಎನ್ನಬೇಕು. ದಿನವೂ ಇದೇ ಕೆಂಡ, ಇದೇ ಊದು, ಇದೇ ಮಾತು. ಅದಕ್ಕೇ ಪುಸ್ತಕದ ಪ್ರತಿ ಪುಟವೂ ಒಂದೇ ಸಾಲಿನಿಂದ ಶುರುವಾಗುತ್ತದೆ: ಕೆಂಡದವಳಿಂದ ಬೆಂಕಿ ತಂದೆವು. ಆಮೇಲೆ ಮದುವೆಯೋ, ಜಗಳವೋ, ಬಾವಿಗೆ ಬಿದ್ದ ಎಮ್ಮೆಯೋ.

ನನಗೆ ಕೆಲಸ ಕಲಿಸಿದ ಹಳೆಯ ಸೂಚಿಯವನು ಒಂದು ಮಾತು ಕೊಟ್ಟು ಹೋಗಿದ್ದ. ಒಬ್ಬರು ಪುಸ್ತಕದ ಉದ್ದಕ್ಕೂ ಚೆಲ್ಲಿಕೊಂಡಿದ್ದರೆ, ಅಂಕಿ ಬರೆದು ಪೂರೈಸದಿದ್ದರೆ, ಅವರ ಹೆಸರಿನ ಮುಂದೆ 'ಅಲ್ಲಲ್ಲಿ' ಎಂದು ಬರೆಯಬಹುದು. "ಆದ್ರೆ ಕೇಳೋ, ಅದು ಕೊನೇ ಮಾತು, ಮೊದಲ್ನೇ ಮಾತಲ್ಲ," ಎಂದಿದ್ದ. "ಎಲ್ಲಾ ಪುಟ ನೋಡು. ಎಣಿಸು. ಅವರ ಮುಖ್ಯ ಪುಟ ಯಾವ್ದೋ ಅದನ್ನ ಮೊದ್ಲು ಬರಿ. ಆಮೇಲೆ ಮಿಕ್ಕಿದ್ದಕ್ಕೆ ಅಲ್ಲಲ್ಲಿ. ಎಣಿಸದೇ ಇರೋನು ಆ ಮಾತು ಮುಟ್ಟಬಾರದು."

ನಾನು ಮೊದಲರ್ಧ ಕಲಿತೆ. ಕೆಲಸಕ್ಕೆ ಕುಳಿತ ಎರಡನೆಯ ವರ್ಷ, ಒಂದು ಬಿಸಿಲಿನ ಮಧ್ಯಾಹ್ನ, ಕೆಂಡದವಳ ಹೆಸರು ಬಂತು. ನಾಲ್ಕು ಪುಟ ತಿರುವಿದೆ, ನಾಲ್ಕರಲ್ಲೂ ಇದ್ದಳು. ಆಕಳಿಕೆ ಬಂತು. 'ಅಲ್ಲಲ್ಲಿ' ಎಂದು ಬರೆದು ಮಲಗಿದೆ. ಅದಾಗಿ ಮೂವತ್ತು ವರ್ಷ. ಅವಳಿಗೆ ಮರ್ಯಾದೆ ಮಾಡಿದೆ ಎಂದೇ ನನ್ನ ಮನಸ್ಸಿನಲ್ಲಿತ್ತು.

ಕೆಂಡದವಳು ಸತ್ತದ್ದು ಬೆಳಗಿನ ಹೊತ್ತು, ಊರಿಗೆಲ್ಲ ಕೆಂಡ ಕೊಟ್ಟು ಮುಗಿಸಿದ ಮೇಲೆ. ಕೊನೆಯ ಬೋಕಿ ನನ್ನದು. ಎಂದಿನಂತೆ ತಡವಾಗಿ ಹೋಗಿದ್ದೆ. ಅವಳು ಊದಿ, ಹಾಕಿ, "ಆರದಿರಲಿ" ಎಂದಳು. ನಾನು ಏನೂ ಹೇಳದೆ ಓಡಿ ಬಂದೆ, ಹೊಟ್ಟೆ ಹಸಿದಿತ್ತು. ಅಂಬಲಿ ಕುದಿಯುವ ಮುಂಚೆಯೇ ಸಾರುವವನು ಬೀದಿಯಲ್ಲಿ ಕೂಗುತ್ತ ಬಂದ. "ಕೆಂಡದವ್ವ ಹೋದ್ಲು! ಒಲೆ ಆರ್ಸಿ! ಕೆಂಡದವ್ವ ಹೋದ್ಲು! ಒಲೆ ಆರ್ಸಿ!"

ಹೆಣ ಮಲಗಿರುವಾಗ ಊರಿನಲ್ಲಿ ಒಲೆ ಉರಿಯಬಾರದು. ಬೆಂಕಿ ಉಳಿಸಿಕೊಂಡವರ ಹೆಸರನ್ನು ಸೂಚಿಯಿಂದ ಹೊಡೆದುಹಾಕುತ್ತಾರೆ. ಸಾರುವವನು ಸತ್ತ ಮನೆಯ ಒಲೆಗೆ ಮೊದಲು ತಾನೇ ಒಂದು ಚೊಂಬು ನೀರು ಸುರಿದು, ಆಮೇಲೆ ಬೀದಿಗೆ ಇಳಿಯುತ್ತಾನೆ. ಆವತ್ತೂ ಹಾಗೇ ಮಾಡಿದ್ದ. ಮನೆಮನೆಯಲ್ಲೂ ಚೊರ್ ಎಂದು ನೀರು ಬಿದ್ದ ಸದ್ದು ಕೇಳಿತು. ನಾನು ಮಾತ್ರ ಕೆಂಡದ ಮೇಲೆ ಬೂದಿ ಎಳೆದು, ಮಡಕೆ ಕವುಚಿ, ಆಮೇಲೆ ಆರಿಸಿದರಾಯಿತು ಎಂದು ಸೂಚಿ ಕಂಕುಳಿಗಿಟ್ಟುಕೊಂಡು ಹೊರಟೆ. ನನ್ನ ಹಣೆಬರಹವೇ ಅಷ್ಟು, ಎಲ್ಲದಕ್ಕೂ ಆಮೇಲೆ.

ಸತ್ತ ಮನೆಯ ಅಂಗಳದಲ್ಲಿ ಊರು ಸೇರಿತ್ತು. ಕೆಂಡದವಳನ್ನು ಒಲೆಯ ಪಕ್ಕದ ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆರಳ ತುದಿಗಳು ಸುಟ್ಟು ಸುಟ್ಟು ನುಣ್ಣಗಾಗಿದ್ದವು. ಮಗಳು ಅವಳ ಪಾದದ ಬಳಿ ಕುಳಿತಿದ್ದಳು. ಮೂವತ್ತೈದರ ಹೆಣ್ಣು, ಒಬ್ಬಳೇ ಮಗಳು, ಇನ್ನು ಆ ಒಲೆಯ ಮುಂದೆ ಕೂರಬೇಕಾದವಳು.

ಊರಿನ ಯಜಮಾನ ಕೋಲು ಊರಿ ನಿಂತ. "ಕೂಗಪ್ಪಾ ಸೂಚಿ."

ನಾನು ಸೂಚಿ ಬಿಚ್ಚಿದೆ. ಹೆಸರಿನ ಮುಂದೆ ಅಂಕಿ ಇರಲಿಲ್ಲ. ಇದ್ದದ್ದು ನನ್ನದೇ ಕೈಬರಹದ ಒಂದು ಮಾತು.

"ಅಲ್ಲಲ್ಲಿ," ಎಂದೆ.

ಬರೆಯುವವನು ಪುಸ್ತಕದ ಮೇಲೆ ಕೈಯಿಟ್ಟುಕೊಂಡು ಕಾದ. "ಎಷ್ಟನೇದು?"

"ಅಲ್ಲಲ್ಲಿ ಅಂತ ಇದೆ."

"ಅಲ್ಲಲ್ಲಿ ಅಂದ್ರೆ ಎಲ್ಲಿ ತೆಗೀಲಿ ನಾನು?"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಬೇವಿನ ನೆರಳು ಆಗಿನ್ನೂ ಬಾವಿಯ ಎದುರು ದಿಕ್ಕಿನಲ್ಲಿತ್ತು. ನಾನು ತೋಚಿದ್ದನ್ನು ಕೂಗಿದೆ. "ಒಂದನೇ ಪುಟ."

ಬರೆಯುವವನು ಓದಿದ. ಕೆಂಡದವಳಿಂದ ಬೆಂಕಿ ತಂದೆವು. ಆಮೇಲೆ ಯಜಮಾನರ ಅಜ್ಜ ಬಾವಿ ತೋಡಿಸಿದರು, ಹನ್ನೊಂದು ಆಳು ಆಳಕ್ಕೆ ನೀರು ಬಂತು.

ಯಜಮಾನನ ಕೋಲು ನೆಲಕ್ಕೆ ಬಡಿಯಿತು. "ನಿಲ್ಸೋ! ನಮ್ಮಜ್ಜನ ಪುಟಾನ ಇವಳ ಹೆಣಕ್ಕೆ ಓದ್ತೀಯಾ? ಮೊದ್ಲ ಸಾಲಲ್ಲಿ ಹೆಸರು ಬಂದಾಕ್ಷಣ ಪುಟ ಅವಳದಾಯ್ತೇನೋ?"

ಹೆಂಗಸೊಬ್ಬಳು, "ಎರಡನೇದು ನನ್ನ ಮದುವೇದು, ಅದನ್ನ ತೆಗೀಬೇಡಿ ಮತ್ತೆ," ಎಂದಳು. ಇನ್ನೊಬ್ಬ ಹತ್ತನೆಯದು ತನ್ನದೆಂದ. ಮತ್ತೊಬ್ಬ ನಲವತ್ತೆರಡು ತನ್ನದೆಂದ. ಅಂಗಳದ ತುಂಬ ನನ್ನ ಪುಟ ನನ್ನ ಪುಟ ಎಂಬ ಗದ್ದಲ. ಯಾರದ್ದೂ ತಪ್ಪಲ್ಲ, ಪುಟಗಳು ಅವರವೇ. ಕೆಂಡದವಳು ಎಲ್ಲರ ಪುಟದ ಬಾಗಿಲಲ್ಲಿ ನಿಂತಿದ್ದಳು, ಯಾವುದರ ಒಳಗೂ ಹೋಗಿರಲಿಲ್ಲ.

ಯಜಮಾನ ಮಗಳ ಕಡೆ ತಿರುಗಿ ದನಿ ತಗ್ಗಿಸಿದ. "ನೋಡವ್ವಾ, ಸೂಚೀಲಿ ಅಂಕಿ ಇಲ್ಲ. ಇಲ್ಲ ಅಂದ್ಮೇಲೆ ಇಲ್ಲ. ಓದ್ದೇ ಎತ್ತಣ. ಮಕ್ಕಳು ಮರಿ ಹಸ್ಕೊಂಡವೆ."

ಮಗಳು ತಲೆ ಎತ್ತಲಿಲ್ಲ. "ಓದ್ದೇ ಎತ್ತಿದ್ರೆ ನಾಳೆ ನಾನು ಯಾರ ಮಗಳು, ಯಜಮಾನ್ರೇ?"

ಅವಳು ನನ್ನನ್ನು ನೋಡಿದಳು. ಬೈಯಬೇಕಿತ್ತು, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ಮಾವ," ಎಂದಳು, "ಎಲ್ಲೆಲ್ಲೂ ಇದ್ದೋಳು ಎಲ್ಲೋ ಒಂದ್ಕಡೆ ಇರ್ಲೇಬೇಕಲ್ವಾ? ಹುಡುಕಿ. ನೆರಳು ಬರೋವರ್ಗೂ ಹೊತ್ತಿದೆ."

ನಾನು ಬರೆಯುವವನ ಕೈಯಿಂದ ಪುಸ್ತಕ ಕಿತ್ತುಕೊಂಡೆ. ನೆಲದ ಮೇಲೆ, ಹೆಣದ ಮುಂದೆ ಕುಳಿತು, ಮೂವತ್ತು ವರ್ಷದ ಹಿಂದೆ ಮಾಡಬೇಕಿದ್ದ ಕೆಲಸ ಶುರು ಮಾಡಿದೆ. ಒಟ್ಟು ಆರುನೂರ ಹನ್ನೆರಡು ಪುಟ. ಮೂರನೆಯದು, ಇದ್ದಾಳೆ, ಆಮೇಲೆ ಬೇರೆಯವರ ಸುದ್ದಿ. ನಾಲ್ಕನೆಯದು, ಇದ್ದಾಳೆ, ಆಮೇಲೆ ಬೇರೆಯವರ ಸುದ್ದಿ. ಐದನೆಯದು, ಇದ್ದಾಳೆ. ಆರನೆಯದು, ಇದ್ದಾಳೆ. ಪ್ರತಿ ಪುಟಕ್ಕೂ ಮಗಳು ನೆಲದಲ್ಲಿ ಬೂದಿಯ ಒಂದು ಗೆರೆ ಎಳೆದಳು. ಮದುವೆ, ಇದ್ದಾಳೆ. ಪಾಲು, ಇದ್ದಾಳೆ. ಸಿಡುಬು, ಇದ್ದಾಳೆ. ತೊಟ್ಟಿಲು, ಚಟ್ಟ, ಹೊಸ ಬಾಗಿಲು, ಕಳೆದ ಹಸು, ಸಿಕ್ಕಿದ ಹಸು, ಇದ್ದಾಳೆ, ಇದ್ದಾಳೆ, ಇದ್ದಾಳೆ.

ನೆರಳು ಕುಗ್ಗಿ ಮರದ ಬುಡಕ್ಕೆ ಬಂತು, ಆಮೇಲೆ ಬಾವಿಯ ಕಡೆ ಹೊರಳಿತು. ಮಕ್ಕಳು ಅಳತೊಡಗಿದವು. ಗಂಡಸರು ಕೂತರು, ಎದ್ದರು, ಬಾವಿಗೆ ಹೋಗಿ ನೀರು ಕುಡಿದು ಬಂದರು, ಮತ್ತೆ ಕೂತರು. ನನ್ನ ಬೆರಳಿಗೆ ಎಂಜಲು ಹಚ್ಚಿ ಹಚ್ಚಿ ಬಾಯಿ ಒಣಗಿತು. ನೂರು ದಾಟಿತು, ಇನ್ನೂರು ದಾಟಿತು. ಒಂದು ಪುಟದಲ್ಲಾದರೂ ಅವಳಿಗೆ ಜ್ವರ ಬಂದಿರಬಾರದೇ, ಅವಳೊಮ್ಮೆ ಯಾರೊಂದಿಗಾದರೂ ಜಗಳವಾಡಿರಬಾರದೇ ಎಂದು ಬೇಡಿಕೊಂಡೆ. ಎಂಥ ಹೆಂಗಸು! ಮೂವತ್ತು ವರ್ಷ ಅವಳ ಕೈಯಿಂದ ಕೆಂಡ ಪಡೆದಿದ್ದೆ, ಅವಳಿಗೆ ಜ್ವರ ಬಂದಿತ್ತೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

ಮುನ್ನೂರು ದಾಟಿತು. ನೆರಳು ಬಾವಿಕಟ್ಟೆಗೆ ಮೂರು ಮಾರು ದೂರದಲ್ಲಿತ್ತು. ಯಜಮಾನ ಚಟ್ಟ ಕಟ್ಟಲು ಹೇಳಿದ. ಮಗಳು ಗೆರೆ ಎಳೆಯುತ್ತಲೇ ಇದ್ದಳು. ಮುನ್ನೂರ ಮೂವತ್ತೆಂಟು, ಇದ್ದಾಳೆ. ಮುನ್ನೂರ ಮೂವತ್ತೊಂಬತ್ತು, ಇದ್ದಾಳೆ. ಮುನ್ನೂರ ನಲವತ್ತು.

ಆ ಪುಟವನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ಓದಿದೆ.

"ಯಾಕ್ ಮಾವ?" ಎಂದಳು ಮಗಳು.

"ಇಲ್ಲ," ಎಂದೆ. "ಇದ್ರಲ್ಲಿ ಇಲ್ಲ."

ಬರೆಯುವವನು ಭುಜದ ಮೇಲಿಂದ ಬಗ್ಗಿ ನೋಡಿದ. ಅವನ ತಂದೆಯ ಕೈಬರಹ. ಪುಟದಲ್ಲಿ ಎರಡೇ ಸಾಲು. ಇವತ್ತು ಊರಿನಲ್ಲಿ ಬೆಂಕಿ ಇಲ್ಲ, ತಂಗಳು ತಿಂದೆವು. ಬೇರೇನೂ ನಡೆಯಲಿಲ್ಲ.

ಅದನ್ನು ಜೋರಾಗಿ ಓದಿದೆ. ಆಗ ಹಿಂದಿನ ಸಾಲಿನಿಂದ ಒಬ್ಬ ಮುದುಕಿ, ಹಲ್ಲಿಲ್ಲದ ಅಜ್ಜಿ, ಕೋಲೂರಿಕೊಂಡು ಮುಂದೆ ಬಂದಳು. "ಬ್ಯಾರೇನೂ ನಡೀಲಿಲ್ವಾ? ಯಾವನೋ ಅದನ್ನ ಬರ್ದೋನು?" ಎಂದು ಗದರಿದಳು. "ಅವತ್ತು ಇವಳಿಗೆ ನೋವು ಬಂದಿತ್ತು ಕಣ್ರೋ. ಒಂದ್ ಹಗಲೆಲ್ಲಾ ಒದ್ದಾಡಿದ್ಲು. ಬಾಗಿಲಲ್ಲಿ ಬೋಕಿ ಹಿಡ್ಕಂಡು ನಿಂತೋರು ಬೈಕೊಂಡು ತಿರುಗಿ ಹೋದ್ರಿ. ಒಳಗೇನಾಯ್ತು ಅಂತ ಒಬ್ರೂ ಬಗ್ಗಿ ನೋಡ್ಲಿಲ್ಲ. ಈ ಕೂಸಿನ ಹೊಕ್ಕುಳು ಕೊಯ್ದೋಳು ನಾನು."

ಮಗಳ ಬೆರಳು ಬೂದಿಯಲ್ಲೇ ನಿಂತಿತು.

"ಇದೇ ಅವಳ ಪುಟ," ಎಂದೆ.

"ಹೆಸರೇ ಇಲ್ದಿರೋ ಪುಟ ಹೆಂಗೋ ಅವಳದಾಗುತ್ತೆ?" ಎಂದ ಯಜಮಾನ.

ಹಳೆಯ ಸೂಚಿಯವನು ಹೇಳಿದ್ದ ಇನ್ನೊಂದು ಮಾತು ನನಗೆ ಆಗ ನೆನಪಾಯಿತು. ಆ ಮಾತನ್ನೂ ಅರ್ಧಕ್ಕೇ ಬಿಟ್ಟಿದ್ದೆ. "ಯಜಮಾನ್ರೇ, ಸೂಚಿ ಅಂದ್ರೆ ಹೆಸರು ಎಲ್ಲಿದೆ ಅಂತ ತೋರ್ಸೋದಲ್ಲ. ಹುಡುಕ್ಕೊಂಡು ಬಂದೋರು ಯಾವ ಪುಟ ನೋಡಿದ್ರೆ ಅವರಿಗೆ ಆ ಮನುಷ್ಯ ಸಿಗ್ತಾನೋ, ಅದನ್ನ ತೋರ್ಸೋದು. ಈ ಪುಸ್ತಕದಲ್ಲಿ ಅವಳ ಹೆಸರಿರೋ ಪುಟ ಆರುನೂರು ಇರ್ಬೋದು. ಆದ್ರೆ ಅವಳಿಗೆ ಅಂತ ಏನಾದ್ರೂ ನಡೆದಿದ್ದು ಇದೊಂದರಲ್ಲೇ. ಅವಳು ಒಂದಿನ ಇಲ್ದಿದ್ರೆ ಊರು ಏನಾಗುತ್ತೆ ಅಂತ ಇರೋದೂ ಇದೊಂದರಲ್ಲೇ. ಇದು ಅವಳದಲ್ಲ ಅಂದ್ರೆ ಬೇರೆ ಯಾರದು? ಯಾರಾದ್ರೂ ಮುನ್ನೂರ ನಲವತ್ತು ನಂದು ಅಂತೀರಾ?"

ಬೆಳಗಿನಿಂದ ಪುಟಕ್ಕಾಗಿ ಕಿತ್ತಾಡಿದ್ದ ಅಂಗಳದಲ್ಲಿ ಯಾರೂ ಉಸಿರೆತ್ತಲಿಲ್ಲ. ಯಜಮಾನ ನೆರಳು ನೋಡಿದ. ಅದು ಕಟ್ಟೆಗೆ ಒಂದು ಗೇಣಿನಷ್ಟು ದೂರದಲ್ಲಿತ್ತು. "ಬರಿ," ಎಂದ.

ಬರೆದೆ. ಕೆಂಡದವಳು: ಮುನ್ನೂರ ನಲವತ್ತು. ಅದರ ಪಕ್ಕದಲ್ಲಿ ಅದೇ ಹಳೆಯ ಮಾತು ಉಳಿಯಿತು. ಅಂಕಿ ಕೂಗಿದೆ. ಬರೆಯುವವನು ಎದ್ದು ನಿಂತು ಎರಡು ಸಾಲು ಓದಿದ. ಊರು ಎರಡು ಸಾಲು ಕೇಳಿತು. ಬೇರೇನೂ ನಡೆಯಲಿಲ್ಲ ಎಂಬಲ್ಲಿ ಅವನು ತಲೆ ತಗ್ಗಿಸಿದ, ಬರೆದವನು ಅವನಪ್ಪ ತಾನೆ. ಮಗಳು ತಾಯಿಯ ಪಾದಕ್ಕೆ ಹಣೆ ಹಚ್ಚಿ ಅಳಲು ಶುರುಮಾಡಿದಳು. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ, ಅಳುವ ಹಕ್ಕು ಇದೆಯೋ ಇಲ್ಲವೋ ತಿಳಿಯದೆ ತಡೆದುಕೊಂಡಿದ್ದಳು. ಚಟ್ಟ ಎತ್ತಿದಾಗ ನೆರಳು ಕಟ್ಟೆಯ ಕಲ್ಲು ಮುಟ್ಟಿತು.

ಮಣ್ಣು ಮಾಡಿ, ಮಿಂದು ಬರುವ ಹೊತ್ತಿಗೆ ಹಸಿವಿನಿಂದ ಎಲ್ಲರ ಕಣ್ಣು ಮಂಜಾಗಿತ್ತು. ಹೆಣ ಹೋದ ಮೇಲೆ ಒಲೆ ಹಚ್ಚಬಹುದು. ಪ್ರತಿ ಸಾವಿನ ನಂತರವೂ ಮಾಡುವಂತೆ ಊರು ಬೋಕಿ ಹಿಡಿದು ಕೆಂಡದವಳ ಬಾಗಿಲಿಗೆ ಹೋಗಿ ಸಾಲಾಗಿ ನಿಂತಿತು. ಮಗಳು ಒದ್ದೆ ಸೀರೆಯಲ್ಲೇ ಒಲೆಯ ಮುಂದೆ ತಾಯಿಯ ಜಾಗದಲ್ಲಿ ಕುಳಿತಳು. ಬೂದಿಗೆ ಕೈ ಹಾಕಿದಳು. ಕೈಗೆ ಬಂದದ್ದು ಕಪ್ಪು ಕೆಸರು.

ಸಾವು ಸಾವಿಗೂ ಒಲೆ ಆರಿಸಿದ ಊರು ನಮ್ಮದು, ಯಾಕೆಂದರೆ ಯಾರು ಸತ್ತರೂ ಕೆಂಡದವಳ ಒಲೆಯೊಂದನ್ನು ಮಾತ್ರ ಆರಿಸುವುದಿಲ್ಲ, ಅಲ್ಲಿ ಬೆಂಕಿ ಇದ್ದೇ ಇರುತ್ತದೆ. ಆವತ್ತು ಸತ್ತವಳು ಅವಳೇ, ನೀರು ಬಿದ್ದದ್ದು ಆ ಒಲೆಗೇ ಮೊದಲು, ಎಂದು ಅಷ್ಟು ಜನರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಸಾರುವವನು ತಲೆಯ ಮೇಲೆ ಕೈ ಹೊತ್ತು ಕುಳಿತುಬಿಟ್ಟ. ಮಗಳು ಕೆಸರಿನ ಕೈ ಚಾಚಿಕೊಂಡು ನಮ್ಮನ್ನೇ ನೋಡುತ್ತಿದ್ದಳು. ಬೆಳಗಿನಿಂದ ಹೋರಾಡಿ ತಾಯಿಯನ್ನು ಗೆದ್ದುಕೊಂಡವಳು ಕೊಡಲು ಏನೂ ಇಲ್ಲದೆ ಕುಳಿತಿದ್ದಳು.

ನನ್ನ ಒಲೆ ನೆನಪಾಯಿತು. ಕವುಚಿದ ಮಡಕೆ ನೆನಪಾಯಿತು. ಬಾಯಿ ಬಿಟ್ಟರೆ ಕಟ್ಟಳೆ ಮುರಿದವನಾಗುತ್ತೇನೆ. ಆದರೆ ಸೂಚಿಯಲ್ಲಿ ನನ್ನ ಹೆಸರು ಇದ್ದರೆ ತಾನೆ ಹೊಡೆದುಹಾಕಲು! ಇಲ್ಲದವನಿಗೆ ಹೋಗುವುದೇನು ಎಂದು ಓಡಿದೆ. ಮಡಕೆ ತೆಗೆದು ಬೂದಿ ಸರಿಸಿದೆ. ಅಡಿಯಲ್ಲಿ ಒಂದೇ ಒಂದು ಕೆಂಡ, ಕಣ್ಣು ಅರೆ ಮುಚ್ಚಿಕೊಂಡಂತೆ, ಇನ್ನೂ ಇತ್ತು. ಬೋಕಿಗೆ ಹಾಕಿಕೊಂಡು, ಕೈಯಿಂದ ಮರೆ ಮಾಡಿಕೊಂಡು, ಊದುತ್ತ ಬಂದೆ.

ಜನ ದಾರಿ ಬಿಟ್ಟರು. ಯಜಮಾನ, "ಒಲೆ ಆರ್ಸಿರ್ಲಿಲ್ವೇನೋ ನೀನು?" ಎಂದ.

"ಇಲ್ಲ."

"ಹೆಣ ಇರೋವಾಗ?"

"ಇರೋವಾಗ."

ಮಗಳ ಎದುರು ಕೂತೆ. ಕೆಸರು ಬಳಿದು ಒಂದು ಹಿಡಿ ಒಣ ಬೂದಿ ಹಾಸಿ, ಅದರ ಮೇಲೆ ಕೆಂಡ ಇಟ್ಟೆ. ಬೆಳಿಗ್ಗೆ ಹೇಳದೆ ಬಿಟ್ಟ ಮಾತು ಇನ್ನೂ ಬಾಕಿ ಇತ್ತು. "ನಿಮ್ಮದೂ ಆರದಿರಲಿ," ಎಂದೆ. ಹೇಳಿದ್ದು ಮಗಳಿಗಲ್ಲ, ಅವಳಿಗೂ ಗೊತ್ತಾಯಿತು.

ಒಂದು ಕೆಂಡಕ್ಕೆ ಒಲೆ ಹೊತ್ತುವುದಿಲ್ಲ. ಮಗಳು ಊದಿದಳು, ಅದು ಕೆಂಪಾಗಿ ಮತ್ತೆ ಮಂಕಾಯಿತು. ಆಗ ಎರಡನೆಯ ಪುಟದ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನೆಗೆ ಹೋಗಿ ಬಂದಳು. ಬೋಕಿಯಲ್ಲಿ ಎರಡು ಕೆಂಡ. "ಮಗೀಗೆ ಗಂಜಿ ಕಾಯಿಸ್ಬೇಕಿತ್ತು," ಎಂದಳು. ಅವಳ ಹಿಂದೆ ಇನ್ನೊಬ್ಬ ಹೋದ. ಅವನ ಹಿಂದೆ ಮತ್ತೊಬ್ಬ. ಹಲ್ಲಿಲ್ಲದ ಅಜ್ಜಿ ಒಲೆಯನ್ನೇ ಆರಿಸಿರಲಿಲ್ಲವಂತೆ, ಕಿವಿ ಕೇಳಿಸಲಿಲ್ಲ ಎಂದಳು, ಯಾರೂ ನಂಬಲಿಲ್ಲ. ಬೆಳಿಗ್ಗೆ ಚೊರ್ ಎಂದ ಸದ್ದಿನಲ್ಲಿ ಅರ್ಧ, ಒಲೆಗಲ್ಲ, ಅಂಗಳಕ್ಕೆ ಸುರಿದ ನೀರು! ಕೊನೆಗೆ ಯಜಮಾನ ಕೆಮ್ಮಿದ. "ನಮ್ಮನೇಲಿ ಹೆಂಗಸ್ರು ಏನೋ ಮುಚ್ಚಿಟ್ಟಿದ್ರು ಅನ್ಸುತ್ತೆ," ಎಂದು ಹೋಗಿ ತಾನೇ ಹೊತ್ತು ತಂದ. ಅವನದು ದೊಡ್ಡ ಬೋಕಿ.

ಇಟ್ಟವರೆಲ್ಲ ಒಂದೇ ಮಾತು ಹೇಳಿದರು. "ನಿಮ್ಮದೂ ಆರದಿರಲಿ. ನಿಮ್ಮದೂ ಆರದಿರಲಿ." ಎಲ್ಲ ಆ ಬೆಳಿಗ್ಗೆ ಕೆಂಡದವಳೇ ಊದಿ ಕೊಟ್ಟ ಕೆಂಡಗಳು. ಮಗಳು ಬಗ್ಗಿ ಒಮ್ಮೆ ಊದಿದಳು, ಒಲೆ ಹೊತ್ತಿತು.

ಮರುದಿನ ಬರೆಯುವವನು ಹೊಸ ಪುಟ ತೆರೆದು ಕುಳಿತ. ಆರುನೂರ ಹದಿಮೂರು. ಕೈ ರೂಢಿಯಂತೆ ಕೆಂಡದವಳಿಂದ ಎಂದು ಶುರುಮಾಡಿ ನಿಂತುಬಿಟ್ಟಿತು. ಬಹಳ ಹೊತ್ತು ಒದ್ದಾಡಿ, ಕೊನೆಗೆ ಬರೆದ. ಕೆಂಡದವಳ ಮನೆಗೆ ನಾವು ಬೆಂಕಿ ಒಯ್ದೆವು. ಆಮೇಲೆ, ಯಾರು ಯಾರು ಒಯ್ದರು ಎಂದು ಒಂದೊಂದೇ ಮನೆ ಕೇಳಿ ಬರೆದ. ಯಾರ ಹೆಸರನ್ನೂ ಹೊಡೆದುಹಾಕುವ ಮಾತೇ ಬರಲಿಲ್ಲ, ಹೊಡೆದರೆ ಊರೇ ಉಳಿಯುತ್ತಿರಲಿಲ್ಲ.

ಪುಟ ಸೂಚಿಗೆ ಬಂತು. ಐವತ್ತನಾಲ್ಕು ಹೆಸರು. ಮೊದಲು ಮಗಳ ಹೆಸರಿಗೆ ಹೊಸದಾಗಿ ಜಾಗ ಮಾಡಿದೆ, ಮುಂದೆ ಮುನ್ನೂರ ನಲವತ್ತು ಎಂದು ಬರೆದೆ, ಅದರ ಪಕ್ಕ ಆರುನೂರ ಹದಿಮೂರು. ಆಮೇಲೆ ಉಳಿದವರು. ಆಕಳಿಕೆ ಬಂತು, ಸುಳ್ಳು ಹೇಳುವುದಿಲ್ಲ. ಆದರೂ ಒಬ್ಬೊಬ್ಬರನ್ನೇ ಎಣಿಸಿ ಬರೆದೆ. ಐವತ್ತಮೂರು ಮುಗಿದಾಗ ಇನ್ನೊಂದು ಉಳಿದಿತ್ತು. ಬರೆಯುವವನು ತಪ್ಪು ಮಾಡಿದ್ದಾನೇನೋ ಎಂದು ಮತ್ತೊಮ್ಮೆ ಪುಟ ನೋಡಿದೆ. ತಪ್ಪಿರಲಿಲ್ಲ. ಮೊದಲ ಕೆಂಡ ತಂದವನು ಸೂಚಿಯವನು, ಎಂದಿತ್ತು.

ಸೂಚಿಯಲ್ಲಿ ನನ್ನ ಹೆಸರು ಎಲ್ಲಿ ಬರಬೇಕು ಎಂದು ಹುಡುಕಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು. ಬರೆದೆ. ಮುಂದೆ ಒಂದೇ ಅಂಕಿ ಹಾಕಿದೆ. ಶಾಯಿ ಆರಲು ಬಿಟ್ಟು ಮಲಗಿದೆ. ಬೆಳಕು ಹರಿಯುವ ಮುಂಚೆ ಎದ್ದು, ಬೋಕಿ ತೆಗೆದುಕೊಂಡು, ಆವತ್ತು ಎಲ್ಲರಿಗಿಂತ ಮೊದಲು ಕೆಂಡದವಳ ಬಾಗಿಲಿಗೆ ಹೋದೆ.